ಅಪ್ಪನ ಎರವಲು ವಹಿ: ಕೊಟ್ಟ ಪುಸ್ತಕ ಮರಳಿ ಬರಲೇಬೇಕೇ?

ಶರಾವತಿ ಸೀಮೆ

ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಮಳೆಗಾಲ ಹಿಡಿಯುವುದರೊಳಗೆ ಅವರ ಪುಸ್ತಕಗಳನ್ನು ಬಿಸಿಲಿಗೆ ಹಾಕಬೇಕೆಂದು ಹೋದ ವಾರ ಸಾಗರದ ಮನೆಗೆ ಹೋಗಿದ್ದೆ. ಕಪಾಟಿನ ಕೆಳಗಿನ ಅರೆಯಲ್ಲಿ, ಹಳೆಯ ಪಂಚಾಂಗಗಳ ಅಡಿಯಲ್ಲಿ, ಉದ್ದನೆಯ ಲೆಕ್ಕದ ವಹಿಯೊಂದು ಸಿಕ್ಕಿತು. ಕೆಂಪು ಬಟ್ಟೆಯ ಬೆನ್ನು, ಮೂಲೆ ಸವೆದ ರಟ್ಟು. ಅಡಿಕೆ ಮಂಡಿಯ ಲೆಕ್ಕವಿರಬೇಕೆಂದು ತೆರೆದರೆ ಮೊದಲ ಪುಟದ ನೆತ್ತಿಯ ಮೇಲೆ ಅಪ್ಪನ ದುಂಡಕ್ಷರದಲ್ಲಿ 'ಎರವಲು' ಎಂದಿತ್ತು.

ಗೆರೆ ಎಳೆದು ಪುಟವನ್ನು ನಾಲ್ಕು ಭಾಗ ಮಾಡಿದ್ದಾರೆ. ಪುಸ್ತಕ, ಒಯ್ದವರು, ದಿನಾಂಕ, ಬಂದದ್ದು. ಮೊದಲ ಸಾಲು 1978ರದು. ಕೊನೆಯದು ಅವರು ಹಾಸಿಗೆ ಹಿಡಿಯುವ ಮೂರು ವಾರ ಮೊದಲಿನದು. ಒಟ್ಟು 318 ಸಾಲುಗಳು. ತಿರುಗಿ ಬಂದ ಪುಸ್ತಕದ ಎದುರು ಕೆಂಪು ಶಾಯಿಯಲ್ಲಿ 'ಬಂತು' ಎಂದಿದೆ. ಬಾರದಿದ್ದವುಗಳ ಎದುರು ಜಾಗ ಖಾಲಿ ಬಿಟ್ಟಿದ್ದಾರೆ. ಆದರೆ ಹನ್ನೊಂದು ಕಡೆ ಮಾತ್ರ ನೀಲಿ ಶಾಯಿಯಲ್ಲಿ 'ಇರಲಿ' ಎಂದು ಬರೆದಿದ್ದಾರೆ.

ಆ ಹನ್ನೊಂದರಲ್ಲಿ ಮೂರು ಸಲ ಒಂದೇ ಪುಸ್ತಕ ಬರುತ್ತದೆ, ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'. 1984ರಲ್ಲಿ ಊರಿಗೆ ವರ್ಗವಾಗಿ ಬಂದಿದ್ದ ನರ್ಸ್ ಒಬ್ಬರಿಗೆ, 1991ರಲ್ಲಿ ಗಾರೆ ಕೆಲಸದವರೊಬ್ಬರಿಗೆ, 2003ರಲ್ಲಿ ನಮ್ಮ ದಾಯಾದಿಗಳ ಮನೆಯ ಸೊಸೆಗೆ. ಪ್ರತಿ ಸಲವೂ ಅಪ್ಪ ಹೊಸ ಪ್ರತಿ ಕೊಂಡಿದ್ದಾರೆ. ಈಗ ಕಪಾಟಿನಲ್ಲಿರುವುದು ನಾಲ್ಕನೆಯದು. ಅದರಲ್ಲಿ ಅಪ್ಪನ ಸಹಿ ಮಾತ್ರ ಇದೆ, ಓದಿದ ಗುರುತೇ ಇಲ್ಲ. ಪುಟಗಳು ಒಂದಕ್ಕೊಂದು ಅಂಟಿಕೊಂಡಂತಿವೆ.

ನನ್ನ ಕೈಯಿಂದ ಹೋದ ಪುಸ್ತಕ ಬಾರದಿದ್ದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ. ಹಾಗಾಗಿ ಈ 'ಇರಲಿ'ಯ ಮುಂದೆ ಎರಡು ದಿನ ಕುಳಿತುಬಿಟ್ಟೆ. ಸಾಕಾಗಿ ಬರೆದದ್ದೋ, ಸಮಾಧಾನ ಮಾಡಿಕೊಂಡು ಬರೆದದ್ದೋ? ನಿಮ್ಮಲ್ಲಿ ಪುಸ್ತಕ ಕೊಟ್ಟು ಕಳೆದುಕೊಂಡವರು ಬಹಳ ಮಂದಿ ಇರುತ್ತೀರಿ. ಯಾವ ಪುಸ್ತಕ, ಯಾರಿಗೆ, ಯಾಕೆ ಕೊಟ್ಟಿದ್ದಿರಿ ಎಂದು ತಿಳಿಯುವ ಆಸೆ ನನಗೆ.

ಸಪ್ತಾಪುರದ ಮಾಸ್ತರ

ತಂಗೀ, ನಾನು ಯಾರಿಗೂ ಪುಸ್ತಕ ಕೊಡುವುದಿಲ್ಲ. ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದೇನೆ, ಮಕ್ಕಳಿಗೆ ಕೊಟ್ಟು ಕೊಟ್ಟು ಕಲಿತ ಪಾಠ ಇದು. ಹಳೆಯ ಓಲೆಗರಿಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಒಂದು ಶ್ಲೋಕ ಬರೆಯುತ್ತಿದ್ದರು. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲು ಕಟ್ಟಿನಿಂದ ಕಾಪಾಡು, ಮೂರ್ಖನ ಕೈಗೆ ಮಾತ್ರ ಕೊಡಬೇಡ ಎಂದು ಪುಸ್ತಕವೇ ಹೇಳಿಕೊಳ್ಳುವ ಶ್ಲೋಕ. ಇನ್ನೊಂದರಲ್ಲಿ ಲಿಪಿಕಾರ ತನ್ನ ಬೆನ್ನು, ಸೊಂಟ, ಕುತ್ತಿಗೆ ಮುರಿದುಹೋದದ್ದನ್ನು ಹೇಳಿ, ಇಷ್ಟು ಕಷ್ಟಪಟ್ಟು ಬರೆದದ್ದನ್ನು ಜತನ ಮಾಡಿರಿ ಎಂದು ಬೇಡಿಕೊಳ್ಳುತ್ತಾನೆ. ಅದು ಜಿಪುಣತನದ ಮಾತಲ್ಲ. ಒಂದು ಪ್ರತಿ ಕಳೆದರೆ ಒಂದು ಕಾವ್ಯವೇ ಕಳೆಯಬಹುದಾಗಿದ್ದ ಕಾಲದ ಮಾತು.

ನಾನು ಕಳೆದುಕೊಂಡದ್ದು ರಾವಬಹದ್ದೂರರ 'ಗ್ರಾಮಾಯಣ'ದ ಹಳೆಯ ಮುದ್ರಣ. ಆಮೇಲೆ ಹೊಸದು ಸಿಕ್ಕಿತು, ಕೊಂಡೆ. ಆದರೆ ನನ್ನ ಇಪ್ಪತ್ತೆರಡನೆಯ ವಯಸ್ಸಿನ ಪೆನ್ಸಿಲ್ ಗೆರೆಗಳು ಅದರಲ್ಲಿ ಇಲ್ಲವಲ್ಲ! ಪುಸ್ತಕವನ್ನು ಅಂಗಡಿಯಿಂದ ಮತ್ತೆ ತರಬಹುದು, ಅಂಚಿನಲ್ಲಿ ಬರೆದದ್ದನ್ನು ತರಲಾಗುವುದಿಲ್ಲ.

ಹಾಗೆಂದು ಓದುವವರಿಗೆ ನನ್ನ ಮನೆ ಮುಚ್ಚಿಲ್ಲ. ಪಡಸಾಲೆಯಲ್ಲಿ ಎರಡು ಆರಾಮ ಕುರ್ಚಿ ಹಾಕಿದ್ದೇನೆ. ಯಾರೇ ಬರಲಿ, ಚಹಾ ಕೊಡುತ್ತೇನೆ, ಸಂಜೆಯವರೆಗೂ ಕುಳಿತು ಓದಲಿ. ಪುಟ ಗುರುತಿಗೆ ಚೀಟಿ ಇಟ್ಟು ಹೋಗಲಿ, ನಾಳೆ ಮತ್ತೆ ಬರಲಿ. ಕೃಷಿ ವಿಶ್ವವಿದ್ಯಾಲಯದ ಹುಡುಗನೊಬ್ಬ 'ಪರ್ವ'ವನ್ನು ಹಾಗೆಯೇ ಇಪ್ಪತ್ತಾರು ಸಂಜೆಗಳಲ್ಲಿ ಮುಗಿಸಿದ.

ಕಡಲ ಕರೆ

ಹಿರಿಯರು ಹೇಳುತ್ತಾರಲ್ಲ, ಪುಸ್ತಕ, ಹೆಣ್ಣು, ಹಣ ಪರರ ಕೈಗೆ ಹೋದರೆ ಹೋದ ಹಾಗೆಯೇ ಎಂದು.

ತೆಂಗಿನ ಸೀಮೆ

ಆ ಮಾತನ್ನು ನನ್ನ ಮುಂದೆ ಹೇಳಬೇಡಿ. ಹೆಣ್ಣನ್ನು ಹಣದ ಜೊತೆ, ಪುಸ್ತಕದ ಜೊತೆ ಕಪಾಟಿನಲ್ಲಿಟ್ಟು ಬೀಗ ಹಾಕುವವರ ಮಾತು ಅದು. ನನ್ನ ಅಜ್ಜಿಗೆ ಅಕ್ಷರ ಕಲಿಸದೆ ಇದ್ದವರೂ ಅದನ್ನೇ ಹೇಳುತ್ತಿದ್ದರು.

ಅಜ್ಜಿಯ ಮಾತು ಬಂದದ್ದರಿಂದ ಬರೆಯುತ್ತೇನೆ. ನಮ್ಮದು ತಿಪಟೂರಿನ ಕಡೆ. ನಾನು ಪಿಯುಸಿಯಲ್ಲಿದ್ದಾಗ ಕಾಲೇಜಿನ ಗ್ರಂಥಾಲಯದಿಂದ ಭೈರಪ್ಪನವರ 'ಗೃಹಭಂಗ' ತಂದಿದ್ದೆ. ಅಜ್ಜಿ ಹಿತ್ತಲ ಕಟ್ಟೆಯ ಮೇಲೆ ಮುತ್ತುಗದ ಎಲೆ ಹರಡಿಕೊಂಡು ಊಟದೆಲೆ ಹಚ್ಚುತ್ತಿದ್ದಳು. ಕಾದಂಬರಿಯ ನಂಜಮ್ಮನೂ ಹೊಟ್ಟೆಪಾಡಿಗೆ ಎಲೆ ಹಚ್ಚುತ್ತಾಳೆ, ಗಂಡ ಮಾಡಬೇಕಾದ ಶ್ಯಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯುತ್ತಾಳೆ. ಆ ಭಾಗ ಬಂದಾಗ ನಾನು ಯಾಕೋ ಗಟ್ಟಿಯಾಗಿ ಓದಿದೆ. ಅಜ್ಜಿಯ ಕೈ ನಿಂತಿತು. "ಯಾವ ಊರವಳು ಅವಳು?" ಎಂದಳು. ನಮ್ಮ ಸೀಮೆಯವಳೇ ಎಂದೆ. "ಕಡ್ಡಿ ಯಾವುದರಲ್ಲಿ ಸೀಳುತ್ತಿದ್ದಳು ಅಂತ ಬರೆದಿದ್ದಾರಾ?"

ಅಂದಿನಿಂದ ದಿನಾ ಮಧ್ಯಾಹ್ನ ಒಂದು ಗಂಟೆ ನಾನು ಓದುವುದು, ಅಜ್ಜಿ ಎಲೆ ಹಚ್ಚುವುದು. ಪ್ಲೇಗಿನ ಭಾಗ ಬಂದ ದಿನ ಅವಳು ಎಲೆ ಮುಟ್ಟಲಿಲ್ಲ. ತನ್ನ ಅಣ್ಣಂದಿರಿಬ್ಬರು ಹೋದದ್ದು, ಊರು ಬಿಟ್ಟು ಹೊರಗೆ ಗುಡಿಸಲು ಹಾಕಿದ್ದು, ಇಲಿ ಬಿದ್ದ ಮನೆಯ ವಾಸನೆ, ಎಲ್ಲವನ್ನೂ ಹೇಳಿದಳು. ಅಪ್ಪನಿಗೂ ಆ ಕತೆ ಗೊತ್ತಿರಲಿಲ್ಲ. ಅಷ್ಟು ವರ್ಷ ಯಾರೂ ಕೇಳಿರಲಿಲ್ಲ ಎಂದೇ ತೋರುತ್ತದೆ.

ಗ್ರಂಥಾಲಯದ ಅವಧಿ ಮುಗಿದು ಪುಸ್ತಕ ಹಿಂದಿರುಗಿಸಿದ ಮೇಲೆ ಅಜ್ಜಿ ಒಂದು ದಿನ ಸೊಂಟದ ಚೀಲ ಬಿಚ್ಚಿ ದುಡ್ಡು ಕೊಟ್ಟಳು. "ನಂಜಮ್ಮನ ಪುಸ್ತಕ ಒಂದು ಮನೆಯಲ್ಲಿರಲಿ." ಓದಲು ಬಾರದವಳು ಕೊಂಡ ಪುಸ್ತಕ ಅದು. ಅದನ್ನು ನಾನೂ ಯಾರಿಗೂ ಕೊಟ್ಟಿಲ್ಲ, ಮಾಸ್ತರೇ. ಆದರೆ ಕೇಳಿದವರಿಗೆಲ್ಲ ಅಂಗಡಿಯಿಂದ ಇನ್ನೊಂದು ಪ್ರತಿ ತಂದುಕೊಟ್ಟಿದ್ದೇನೆ.

ಲಕ್ಕುಂಡಿ ಸಮೀಪ

ಮಾಸ್ತರರು ಓಲೆಗರಿಯ ಮಾತೆತ್ತಿದ್ದರಿಂದ ನಮ್ಮ ಊರ ಕಡೆಯ ಹೆಣ್ಣುಮಗಳೊಬ್ಬಳನ್ನು ಇಲ್ಲಿ ನೆನೆಯಲೇಬೇಕು. ಪುಸ್ತಕವನ್ನು ಕಾಪಾಡುವುದಕ್ಕೆ ಎರಡು ದಾರಿಗಳಿವೆ. ಬೀಗ ಹಾಕುವುದು ಒಂದು, ಪ್ರತಿ ಮಾಡಿ ಹಂಚುವುದು ಇನ್ನೊಂದು. ಎರಡನೆಯದನ್ನು ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲಿಯೇ ಮಾಡಿ ತೋರಿಸಿದಳು.

ಪೊನ್ನನಿಂದ 'ಶಾಂತಿಪುರಾಣ' ಬರೆಸಿದವರು ಅವಳ ತಂದೆ ಮಲ್ಲಪ ಮತ್ತು ಅವನ ತಮ್ಮ ಪುನ್ನಮಯ್ಯ. ಅಂದರೆ ಅದು ಅವಳ ತವರಿನ ಪುಸ್ತಕ. ಆ ಕಾವ್ಯ ಅಳಿಯಬಾರದೆಂದು ಅವಳು ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ರನ್ನ 993ರಲ್ಲಿ 'ಅಜಿತಪುರಾಣ' ಬರೆದದ್ದು ಅವಳ ಆಶ್ರಯದಲ್ಲಿಯೇ. ಲಕ್ಕುಂಡಿಯ ಬಸದಿಯ ಮುಂದೆ ನಿಂತಾಗಲೆಲ್ಲ ನನಗೆ ಕಲ್ಲಿಗಿಂತ ಆ ಸಾವಿರ ಕಟ್ಟುಗಳೇ ಕಣ್ಣಿಗೆ ಕಟ್ಟುತ್ತವೆ. ಗರಿ ಕೊಯ್ದು, ಹದ ಮಾಡಿ, ಒಂದೇ ಅಳತೆಗೆ ಕತ್ತರಿಸಿ, ತೂತು ಕೊರೆದು, ಲೋಹದ ಮೊನಚು ಲೇಖನಿಯಿಂದ ಅಕ್ಷರ ಕೊರೆದು, ಮಸಿ ಸವರಿ ಒರೆಸಬೇಕು. ಒಂದು ಗರಿಯ ಒಂದು ಮಗ್ಗುಲಿಗೆ ಕೆಲವೇ ಸಾಲು. ಅಂಥದ್ದನ್ನು ಸಾವಿರ ಸಲ ಮಾಡಿಸಲು ಎಷ್ಟು ಜನ ಲಿಪಿಕಾರರ ಬೆನ್ನು ಬಾಗಿರಬೇಕು!

ಇಂದು ಕನ್ನಡದ ಹೊಸ ಪುಸ್ತಕವೊಂದು ಮೊದಲ ಮುದ್ರಣದಲ್ಲಿ ಎಷ್ಟು ಪ್ರತಿ ಬರುತ್ತದೆ ಎಂದು ಪ್ರಕಾಶಕರನ್ನು ಕೇಳಿ ನೋಡಿ. ಬಹಳಷ್ಟು ಸಲ ಸಿಗುವ ಉತ್ತರ ಅದೇ ಸಾವಿರ.

ಅಚ್ಚುಮೊಳೆ

ನಾನು ಕರಡು ತಿದ್ದುವವನು, ಇಪ್ಪತ್ತು ವರ್ಷದಿಂದ. ಮೇಲಿನವರು ಹೇಳಿದ್ದು ನಿಜ. ಎಷ್ಟೋ ಕವನ ಸಂಕಲನಗಳು ಈಗ ಸಾವಿರವನ್ನೂ ಮುಟ್ಟುವುದಿಲ್ಲ, ಐದು ನೂರಕ್ಕೇ ನಿಲ್ಲುತ್ತವೆ.

ಮೊಬೈಲ್ ಓದುಗ

ಪುಸ್ತಕ ಕಳೆದುಹೋಗುವ ಚಿಂತೆಯೇ ಬೇಡವಲ್ಲ. ನನ್ನ ಬಳಿ ನಾನೂರಕ್ಕೂ ಹೆಚ್ಚು ಕನ್ನಡ ಪುಸ್ತಕಗಳ ಪಿಡಿಎಫ್ ಇದೆ. ತೇಜಸ್ವಿ, ಭೈರಪ್ಪ, ಹೊಸಬರು, ಎಲ್ಲರೂ ಇದ್ದಾರೆ. ಯಾರಿಗೆ ಬೇಕೋ ಕೇಳಿ, ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುತ್ತೇನೆ. ಕೊಟ್ಟರೂ ನನ್ನ ಪ್ರತಿ ನನ್ನಲ್ಲೇ ಇರುತ್ತದೆ. ಇದೂ ಹಂಚುವುದೇ ತಾನೇ?

ಅಚ್ಚುಮೊಳೆ

ಅಲ್ಲ, ತಮ್ಮಾ. ಕೋಪದಿಂದ ಹೇಳುತ್ತಿಲ್ಲ. ನಿಮ್ಮ ಮನಸ್ಸು ಒಳ್ಳೆಯದು ಎಂದು ಗೊತ್ತು, ಅದಕ್ಕೇ ವಿವರಿಸಿ ಬರೆಯುತ್ತಿದ್ದೇನೆ.

ಕೊಂಡ ಒಂದು ಪ್ರತಿಯನ್ನು ಹತ್ತು ಜನ ಓದಿದರೆ ಲೇಖಕರಿಗೆ ಸಂತೋಷವೇ. ಆ ಪ್ರತಿ ಒಂದು ಕಾಲಕ್ಕೆ ಒಬ್ಬರ ಕೈಯಲ್ಲಿರುತ್ತದೆ, ಮುಂದಿನವರು ಕಾಯಬೇಕು. ಕಾಯಲಾರದವರು ಕೊಳ್ಳುತ್ತಾರೆ. ಪಿಡಿಎಫ್ ಒಂದೇ ರಾತ್ರಿಯಲ್ಲಿ ಐದು ಸಾವಿರ ಮೊಬೈಲಿಗೆ ಹೋಗುತ್ತದೆ, ಮಾರಾಟಕ್ಕಿದ್ದದ್ದು ಬರೀ ಸಾವಿರ ಪ್ರತಿ. ನನಗೆ ಗೊತ್ತಿರುವ ಒಬ್ಬ ಯುವ ಕಥೆಗಾರ್ತಿ ತನ್ನ ಬಳೆ ಒತ್ತೆಯಿಟ್ಟು ಮೊದಲ ಸಂಕಲನ ಅಚ್ಚು ಹಾಕಿಸಿದಳು. ಬಿಡುಗಡೆಯಾದ ಹದಿನೈದನೆಯ ದಿನ ಅವಳ ಮೊಬೈಲಿಗೇ ಅವಳ ಪುಸ್ತಕದ ಸ್ಕ್ಯಾನ್ ಬಂತು, ಕೆಳಗೆ 'ಉಚಿತ, ಎಲ್ಲರಿಗೂ ಹಂಚಿ' ಎಂಬ ಒಕ್ಕಣೆಯ ಸಮೇತ. ಆ ಪುಟಗಳ ಕರಡನ್ನು ಮೂರು ಸಲ ತಿದ್ದಿದವನು ನಾನು. ನನ್ನ ಕಣ್ಣೆದುರಿಗೇ ಅವಳು ಅದನ್ನು ತೆರೆದಳು. ಏನೂ ಮಾತಾಡಲಿಲ್ಲ, ಮೊಬೈಲನ್ನು ಮಗುಚಿ ಇಟ್ಟಳು.

ಉಳಿದ ಪ್ರತಿಗಳು ಇಂದಿಗೂ ಅವಳ ತವರುಮನೆಯ ಮಂಚದ ಕೆಳಗೆ ಇವೆ.

ಕಾನೂನು ಕನ್ನಡಿ

ನಡುವೆ ಒಂದು ಸ್ಪಷ್ಟನೆ ಕೊಡುವುದು ಒಳ್ಳೆಯದು, ಏಕೆಂದರೆ ನಿಜವಾಗಿಯೂ ಮುಕ್ತವಾಗಿ ಹಂಚಬಹುದಾದದ್ದು ಬಹಳ ಇದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ತ್ರಿವೇಣಿಯವರು 1963ರಲ್ಲಿ ತೀರಿಕೊಂಡರು. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರ ಸ್ವತ್ತು. ಕಾರಂತರು ಹೋದದ್ದು 1997ರಲ್ಲಿ, ಅವರ ಪುಸ್ತಕಗಳಿಗೆ 2057ರ ಕೊನೆಯವರೆಗೆ ಹಕ್ಕು ಇದೆ. ತೇಜಸ್ವಿಯವರದು ಇನ್ನೂ ಮುಂದಕ್ಕೆ, ಅವರು ತೀರಿಕೊಂಡದ್ದು 2007ರಲ್ಲಿ.

ಇನ್ನು ಕುಟುಂಬದವರೇ ಬಾಗಿಲು ತೆರೆದದ್ದೂ ಇದೆ. 'ಚಿರಸ್ಮರಣೆ' ಬರೆದ ನಿರಂಜನರ ಕೃತಿಗಳನ್ನು ಅವರ ಮನೆಯವರು 2014ರಲ್ಲಿ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಹಾಗಾಗಿ ಕಯ್ಯೂರಿನ ರೈತರ ಕತೆಯನ್ನು ನೀವು ಯಾವ ಅಳುಕೂ ಇಲ್ಲದೆ ನಾನೂರು ಜನರಿಗೆ ಕಳುಹಿಸಬಹುದು. ದಯವಿಟ್ಟು ಕಳುಹಿಸಿ.

ಮೊಬೈಲ್ ಓದುಗ

ಅಣ್ಣಾ, ಬಳೆಯ ವಿಷಯ ಓದಿ ಮನಸ್ಸಿಗೆ ಕಷ್ಟವಾಯಿತು. ನಾನು ರಾಯಚೂರಿನ ಹತ್ತಿರದ ಹಳ್ಳಿಯವನು. ಪುಸ್ತಕದ ಅಂಗಡಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ ಹೋಗಬೇಕು, ಹೋದರೆ ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಬಿಟ್ಟರೆ ಬೇರೆ ಇರುವುದಿಲ್ಲ. ಪಿಡಿಎಫ್ ಇಲ್ಲದಿದ್ದರೆ ನಾನು ತೇಜಸ್ವಿಯವರನ್ನು ಓದುತ್ತಲೇ ಇರಲಿಲ್ಲ. ಆ ಕಥೆಗಾರ್ತಿಯ ಪುಸ್ತಕದ ಹೆಸರನ್ನು ನನಗೆ ಖಾಸಗಿಯಾಗಿ ತಿಳಿಸಿ, ಎರಡು ಪ್ರತಿ ಕೊಳ್ಳುತ್ತೇನೆ. ಹೊಸಬರ ಪುಸ್ತಕಗಳನ್ನು ಇನ್ನು ಮುಂದೆ ಕಳುಹಿಸುವುದಿಲ್ಲ.

ಅರಿವಿನ ಬಾಗಿಲು

ನಮ್ಮಂಥವರು ಇರುವುದೇ ನಿಮ್ಮಂಥವರಿಗಾಗಿ. ನಾನು ಗ್ರಾಮ ಪಂಚಾಯಿತಿಯ ಗ್ರಂಥಪಾಲಕಿ. ನಮ್ಮ ಗ್ರಂಥಾಲಯಕ್ಕೆ ಈಗ 'ಅರಿವು ಕೇಂದ್ರ' ಎಂದು ಹೆಸರು. 2019ರಲ್ಲಿ ಗ್ರಾಮೀಣ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ 'ಓದುವ ಬೆಳಕು' ಎಂದು ಮಕ್ಕಳಿಗೆಲ್ಲ ಉಚಿತವಾಗಿ ಸದಸ್ಯತ್ವ ಕೊಟ್ಟೆವು. ನಿಮ್ಮ ಪಂಚಾಯಿತಿಯಲ್ಲಿಯೂ ಇರುತ್ತದೆ, ಒಮ್ಮೆ ಹೋಗಿ ನೋಡಿ. ಬೇಕಾದ ಪುಸ್ತಕದ ಹೆಸರನ್ನು ಬರೆದುಕೊಟ್ಟು ಬನ್ನಿ. ಕೇಳುವವರು ಇದ್ದಾರೆಂದು ಗೊತ್ತಾಗದೆ ಪುಸ್ತಕ ಬರುವುದಿಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಸಂಗ್ರಹವಾಗುತ್ತದೆ. ಅದು ಜನರದೇ ದುಡ್ಡು, ಕೇಳಲು ಸಂಕೋಚ ಬೇಡ.

ತೇಜಸ್ವಿಯವರ ಮಾತು ಬಂತಲ್ಲ, ನಮ್ಮಲ್ಲಿರುವ 'ಕರ್ವಾಲೊ' ಪ್ರತಿಯ ಕತೆ ಹೇಳಬೇಕು. ಆರನೆಯ ತರಗತಿಯ ಹುಡುಗನೊಬ್ಬ, ಕುರಿ ಕಾಯುವವರ ಮನೆಯವನು, ಅದನ್ನು ಒಯ್ದ. ನಾಲ್ಕನೆಯ ದಿನ ಬೆಳಿಗ್ಗೆ ನಾನು ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದ. ಮುಖ ಊದಿತ್ತು. "ಮಿಸ್, ಇಷ್ಟು ದೂರ ಕಾಡೊಳಗೆ ಹೋಗಿ ಹಾರುವ ಓತಿಯನ್ನು ಕೈಬಿಟ್ಟರಲ್ಲ, ಅದು ಎಲ್ಲಿ ಇಳಿಯಿತು ಅಂತ ಎರಡನೆಯ ಭಾಗದಲ್ಲಿ ಇದೆಯಾ?" ಎರಡನೆಯ ಭಾಗ ಇಲ್ಲ ಎಂದೆ. ನಂಬಲಿಲ್ಲ, ಕಪಾಟನ್ನು ತಾನೇ ಹುಡುಕಿದ. ಕೊನೆಗೆ 'ಪರಿಸರದ ಕತೆ' ಕೊಟ್ಟೆ. 'ಕರ್ವಾಲೊ'ವನ್ನು ಇನ್ನೊಂದು ಸಲ ಬೇಕೆಂದು ಅದನ್ನೂ ಕೂಡ ಒಯ್ದ.

ಎರಡು ತಿಂಗಳು ಸುಳಿವಿಲ್ಲ. ಬಂದಾಗ 'ಕರ್ವಾಲೊ'ಗೆ ಹೊದಿಕೆ ಇರಲಿಲ್ಲ, ಬೆನ್ನಿಗೆ ಗೋಣಿದಾರದ ಹೊಲಿಗೆ ಬಿದ್ದಿತ್ತು. ದಂಡ ಹಾಕಬೇಕೆಂದು ಕೊನೆಯ ಪುಟ ತಿರುಗಿಸಿದರೆ ಅಲ್ಲಿ ಪೆನ್ಸಿಲಿನಲ್ಲಿ ಒಂಬತ್ತು ಹೆಸರುಗಳಿದ್ದವು, ಓದಿ ಮುಗಿಸಿದ ದಿನಾಂಕಗಳ ಸಮೇತ. ಒಂಬತ್ತನೆಯದು ಅವನ ದೊಡ್ಡಪ್ಪನದು. ಕುರಿ ಹಿಂಡಿನ ಜೊತೆ ಪುಸ್ತಕವೂ ವಲಸೆ ಹೋಗಿ ಬಂದಿತ್ತು. ನಾನು ರಿಜಿಸ್ಟರಿನಲ್ಲಿ ಒಂಬತ್ತು ಸಾಲು ಬರೆದುಕೊಂಡೆ.

ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಎಂದು ಎಸ್.ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯ ವಿಜ್ಞಾನದ ಸೂತ್ರಗಳಲ್ಲಿ ಬರೆದರು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ಆ ಗೋಣಿದಾರ ನೋಡಿದಾಗ. ಶರಾವತಿ ಸೀಮೆಯ ಅಕ್ಕ, ನಿಮ್ಮ ತಂದೆಯವರ 'ಇರಲಿ' ಬೇಸರದ ಮಾತು ಎಂದು ನನಗಂತೂ ಅನಿಸುವುದಿಲ್ಲ.

ಸಪ್ತಾಪುರದ ಮಾಸ್ತರ

ತಂಗೀ, ಗೋಣಿದಾರದ ಪುಸ್ತಕದ ಫೋಟೊ ಇದ್ದರೆ ಹಾಕು. ಆ ಹುಡುಗನಿಗೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕೊಡುವ ಕಾಲ ಇನ್ನೂ ಬಂದಿಲ್ಲ, ಇನ್ನೈದು ವರ್ಷ ಹೋಗಲಿ. ಅದರಲ್ಲಿ ಬರುವ ನಾಯಿಗುತ್ತಿ ಮತ್ತು ಅವನ ನಾಯಿ ಹುಲಿಯನನ್ನು ಆ ಹುಡುಗ ನನಗಿಂತ ಚೆನ್ನಾಗಿ ಅರಿಯುತ್ತಾನೆ. ಹಿಂಡಿನ ನಾಯಿಯ ಜೊತೆ ಬೆಳೆದವನು ಅವನು. ಆ ಪ್ರತಿಯನ್ನು ನಾನು ಕಳುಹಿಸುತ್ತೇನೆ. ಹೌದು, ನನ್ನ ಕಪಾಟಿನದೇ.

ಲೋಕಲ್ ರೈಲು

ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ಇಪ್ಪತ್ತೊಂಬತ್ತು ವರ್ಷದಿಂದ ಮುಂಬಯಿ ಲೋಕಲ್‌ನಲ್ಲಿ ಹೋಗಿಬರುವವನು ನಾನು. ಇಲ್ಲಿ ಕನ್ನಡ ಪುಸ್ತಕ ಕೈಯಲ್ಲಿದ್ದರೆ ಅದು ಓದುವುದಕ್ಕಷ್ಟೇ ಅಲ್ಲ, ಗುರುತಿನ ಚೀಟಿ ಕೂಡ. 2006ರ ಒಂದು ಸಂಜೆ ಚಿತ್ತಾಲರ 'ಶಿಕಾರಿ' ಓದುತ್ತ ನಿಂತಿದ್ದೆ. ಮುಂಬಯಿಯ ಕಂಪನಿಯೊಂದರಲ್ಲಿ ನಾಗಪ್ಪ ಒಬ್ಬಂಟಿಯಾಗಿ ಬೇಟೆಗೆ ಸಿಕ್ಕಿಬೀಳುವ ಕತೆ. ಅದನ್ನು ಓದಲು ಮುಂಬಯಿಗಿಂತ ತಕ್ಕ ಊರು ಇಲ್ಲ. ಘಾಟ್ಕೋಪರ್ ದಾಟಿದ ಮೇಲೆ ಪಕ್ಕದಲ್ಲಿ ಜೋತುಬಿದ್ದು ನಿಂತಿದ್ದ ನಡುವಯಸ್ಸಿನವರು ನನ್ನ ಭುಜದ ಮೇಲಿಂದ ಓದುತ್ತಿದ್ದಾರೆ ಎಂದು ತಿಳಿಯಿತು. ಪುಟ ತಿರುಗಿಸಲು ಹೋದರೆ "ಒಂದು ನಿಮಿಷ" ಎಂದರು, ಕನ್ನಡದಲ್ಲಿ.

ಠಾಣೆಯವರೆಗೆ ಇಬ್ಬರೂ ಒಂದೇ ಪುಸ್ತಕ ಓದಿದೆವು. ಅವರು ಕುಮಟೆಯ ಕಡೆಯವರು, ಹೋಟೆಲಿನಲ್ಲಿ ಮಾಣಿಯಾಗಿ ಬಂದು ರಾತ್ರಿಶಾಲೆಯಲ್ಲಿ ಓದಿ ಬ್ಯಾಂಕು ಸೇರಿದವರು. ಕನ್ನಡ ಪುಸ್ತಕ ಮುಟ್ಟಿ ಹನ್ನೆರಡು ವರ್ಷವಾಗಿತ್ತಂತೆ. ಇಳಿಯುವಾಗ ಪುಸ್ತಕವನ್ನು ಅವರ ಕೈಗೆ ಇಟ್ಟೆ. ನಾನು ಇನ್ನೂ ಅರ್ಧ ಓದಿದ್ದೆ. ಹೆಸರು, ಫೋನ್ ನಂಬರ್ ಕೇಳುವಷ್ಟು ಪುರುಸೊತ್ತು ಇರಲಿಲ್ಲ, ಜನ ತಳ್ಳಿಕೊಂಡು ಹೋದರು.

ಉಳಿದರ್ಧವನ್ನು ಮಾಟುಂಗಾದ ಕರ್ನಾಟಕ ಸಂಘದಲ್ಲಿ ಪರಿಚಯವಾದವರೊಬ್ಬರಿಂದ ಎರವಲು ತಂದು ಮುಗಿಸಿದೆ. ಅದನ್ನು ಹಿಂದಿರುಗಿಸಿದ್ದೇನೆ.

ವರದಾತೀರ

ಹಾವೇರಿ ಕಡೆಯವನಾಗಿ ಗಳಗನಾಥರ ಹೆಸರನ್ನು ಯಾರೂ ಎತ್ತದೆ ಇರುವುದನ್ನು ಸಹಿಸಲಾರೆ. ಕಾದಂಬರಿ ಎಂದರೆ ಏನೆಂದು ಕನ್ನಡಿಗರಿಗೆ ಇನ್ನೂ ರೂಢಿಯಾಗುತ್ತಿದ್ದ ಕಾಲದಲ್ಲಿ ಅವರು ತಾವೇ ಬರೆದರು, ತಾವೇ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮನೆಮನೆಗೆ ಮಾರಿದರು. ಶಾಲಾ ಮಾಸ್ತರಿಕೆ ಮಾಡಿದವರು, ಗಂಟು ಹೊರಲು ನಾಚಲಿಲ್ಲ. ನಮ್ಮ ಮನೆಯ ಅಟ್ಟದಲ್ಲಿ ಅವರ 'ಮಾಧವ ಕರುಣಾವಿಲಾಸ'ದ ಹಳೆಯ ಪ್ರತಿಯಿದೆ, ಮೊದಲ ಹಾಳೆ ಹೋಗಿದೆ. ಮುತ್ತಜ್ಜ ಅದನ್ನು ಬಾಗಿಲಲ್ಲಿ ನಿಂತಿದ್ದ ಅವರ ಕೈಯಿಂದಲೇ ಕೊಂಡದ್ದು ಎಂದು ಮನೆಯಲ್ಲಿ ಹೇಳುತ್ತಾರೆ. ಹಣದ ಬದಲು ಜೋಳ ಅಳೆದು ಕೊಟ್ಟರಂತೆ.

ಕಡಲ ಕರೆ

ತೆಂಗಿನ ಸೀಮೆಯ ಅಕ್ಕ, ನಿಮ್ಮ ಮಾತು ಸರಿ. ಆ ಗಾದೆಯನ್ನು ಯೋಚಿಸದೆ ಬರೆದೆ. ಕ್ಷಮೆ ಇರಲಿ. ನಿನ್ನೆ 'ಗೃಹಭಂಗ' ತರಿಸಿಕೊಂಡೆ, ಅಮ್ಮನಿಗೆ ಓದಿ ಹೇಳಲು ಶುರು ಮಾಡಿದ್ದೇನೆ. ಅಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ.

ತೆಂಗಿನ ಸೀಮೆ

ಒಳ್ಳೆಯದಾಯಿತು, ತಮ್ಮಾ. ಪ್ಲೇಗಿನ ಭಾಗವನ್ನು ರಾತ್ರಿ ಹೊತ್ತು ಓದಬೇಡಿ.

ಮಳೆಬೆಲ್ಲ

ಪುಸ್ತಕ ಒಣಗಿಸುವ ವಿಷಯಕ್ಕೆ: ಶರಾವತಿ ಸೀಮೆಯವರೇ, ನೇರ ಬಿಸಿಲಿಗೆ ಹಾಕಬೇಡಿ, ಹಾಳೆ ಹಳದಿಯಾಗಿ ಬೆನ್ನಿನ ಅಂಟು ಬಿಟ್ಟುಕೊಳ್ಳುತ್ತದೆ. ಜಗುಲಿಯ ನೆರಳಿನಲ್ಲಿ, ಗಾಳಿಯಾಡುವ ಕಡೆ, ಪುಟ ಬಿಡಿಸಿ ನಿಲ್ಲಿಸಿ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ. ಒಣಗಿದ ಬೇವಿನ ಎಲೆಯನ್ನು ತೆಳುಬಟ್ಟೆಯಲ್ಲಿ ಕಟ್ಟಿ ಅರೆಗಳಲ್ಲಿ ಇಡಿ. ಎಲ್ಲಕ್ಕಿಂತ ಮುಖ್ಯ, ತಿಂಗಳಿಗೊಮ್ಮೆಯಾದರೂ ಯಾರಾದರೂ ತೆರೆಯಬೇಕು. ಮಲೆನಾಡಿನ ಮಳೆಯಲ್ಲಿ ಬೂಷ್ಟು ಹಿಡಿಯುವುದು ಯಾರೂ ಮುಟ್ಟದ ಪುಸ್ತಕಕ್ಕೇ.

ಶರಾವತಿ ಸೀಮೆ

ಎಲ್ಲರ ಮಾತುಗಳನ್ನೂ ಅಮ್ಮನಿಗೆ ಓದಿ ಹೇಳಿದೆ. ಗೋಣಿದಾರದ ಕತೆಯನ್ನು ಎರಡು ಸಲ ಹೇಳಿಸಿಕೊಂಡರು.

ಇವತ್ತು ಬೆಳಿಗ್ಗೆ ವಹಿ ಹಿಡಿದುಕೊಂಡು ದಾಯಾದಿಗಳ ಮನೆಗೆ ಹೋದೆ. 2003ರ ಸಾಲಿನಲ್ಲಿರುವ ಆ ಸೊಸೆ ನನಗೆ ಚಿಕ್ಕಮ್ಮ ಆಗಬೇಕು. ಅಂಗಳದಲ್ಲಿ ಅಡಿಕೆ ಆರಿಸುತ್ತಿದ್ದರು. ವಹಿಯ ಪುಟ ತೋರಿಸಿದೆ. ಕೈ ಒರೆಸಿಕೊಂಡು ಒಳಗೆ ಹೋಗಿ, ದೇವರ ಕೋಣೆಯ ಪಕ್ಕದ ಗೂಡಿನಿಂದ 'ಮರಳಿ ಮಣ್ಣಿಗೆ' ತಂದರು. ವೃತ್ತಪತ್ರಿಕೆಯ ಹೊದಿಕೆ, ಮೇಲೆ ಹುರಿ ಕಟ್ಟಿದೆ.

"ಆಗ ನಿನ್ನ ಚಿಕ್ಕಪ್ಪ ಮನೆ ಬಿಟ್ಟು ಹೋಗಿ ಎರಡು ವರ್ಷವಾಗಿತ್ತು" ಎಂದರು. "ಮಗುವಿಗೆ ನಾಲ್ಕು ವರ್ಷ. ನಿಮ್ಮಪ್ಪ ಏನೂ ಬುದ್ಧಿ ಹೇಳಲಿಲ್ಲ. ಇದನ್ನು ಕೊಟ್ಟು, ನಾಗವೇಣಿ ಬರುವವರೆಗೆ ಬೇಸರ ಮಾಡದೆ ಓದು ಎಂದರು. ಓದಿದೆ. ಹಿಂದಿರುಗಿಸಲು ಹೋದಾಗ, ಮತ್ತೆ ಬೇಕಾಗುತ್ತದೆ, ನಿನ್ನ ಹತ್ತಿರವೇ ಇರಲಿ ಎಂದರು."

ಕಾರಂತರ ನಾಗವೇಣಿಯನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೈಬಿಟ್ಟ ಗಂಡ, ಕಡಲಿನ ಪಕ್ಕದ ಊರು, ಮಗನನ್ನು ಓದಿಸಿ ದಡ ಸೇರಿಸುವ ಹಟ. ಚಿಕ್ಕಮ್ಮನ ಆ ಮಗು ಈಗ ಶಿವಮೊಗ್ಗದಲ್ಲಿ ಶಾಲಾ ಶಿಕ್ಷಕಿ.

ನರ್ಸ್ ಮತ್ತು ಗಾರೆ ಕೆಲಸದವರ ಮನೆಯಲ್ಲಿ ಏನು ನಡೆದಿತ್ತೋ ನನಗೆ ತಿಳಿಯುವ ದಾರಿಯಿಲ್ಲ. ಅಪ್ಪನಿಗೆ ಗೊತ್ತಿತ್ತು. ಖಾಲಿ ಬಿಟ್ಟ ಸಾಲುಗಳು ಮರೆತವರವು, 'ಇರಲಿ' ಎಂದು ಬರೆದವು ಅಪ್ಪನೇ ಉಳಿಸಿಬಂದವು.

ಅರಿವಿನ ಬಾಗಿಲು

ಅಕ್ಕ, ಆ ನಾಲ್ಕನೆಯ ಪ್ರತಿ?

ಶರಾವತಿ ಸೀಮೆ

ಅದನ್ನೇ ಹೇಳಲು ಬಂದೆ. ಮೊದಲು ನಾನು ಓದುತ್ತಿದ್ದೇನೆ, ಅಂಟಿದ ಪುಟಗಳನ್ನು ಒಂದೊಂದಾಗಿ ಬಿಡಿಸಿಕೊಂಡು. ಮುಗಿದ ಮೇಲೆ ರಾಯಚೂರಿನ ಕಡೆಯ ತಮ್ಮನಿಗೆ ಕಳುಹಿಸುತ್ತೇನೆ. ವಿಳಾಸವನ್ನು ಇಲ್ಲಿ ಬಹಿರಂಗವಾಗಿ ಹಾಕಬೇಡಿ, ನನಗೆ ಮಾತ್ರ ತಿಳಿಸಿ. ಜೊತೆಗೆ ತೇಜಸ್ವಿಯವರ ಎರಡು ಪುಸ್ತಕ, ವೈದೇಹಿಯವರ ಕತೆಗಳನ್ನೂ ಸೇರಿಸುತ್ತೇನೆ. ಅಂಚೆ ವೆಚ್ಚ ಈಗ ಎಷ್ಟಾಗುತ್ತದೆ, ಗೊತ್ತಿರುವವರು ಹೇಳುತ್ತೀರಾ? ಹಿಂದೆ ಬುಕ್ ಪೋಸ್ಟ್ ಎಂದು ಕಡಿಮೆ ದರದಲ್ಲಿ ಕಳುಹಿಸುತ್ತಿದ್ದೆವು.

ಅಚ್ಚುಮೊಳೆ

ನೋಂದಾಯಿತ ಬುಕ್ ಪೋಸ್ಟ್ ಸೌಲಭ್ಯ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ನಮ್ಮಂಥ ಸಣ್ಣ ಪ್ರಕಾಶನಗಳಿಗೆ ಅದು ದೊಡ್ಡ ಪೆಟ್ಟು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬ ಸೇವೆ ಬಂದಿದೆ. ಶುರುವಾದಾಗ 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ನೆಲಮಾರ್ಗದಲ್ಲಿ ಹೋಗುವುದರಿಂದ ನಿಧಾನ, ಆದರೆ ಎಲ್ಲಿಗೆ ತಲುಪಿತು ಎಂದು ನೋಡಬಹುದು. ಕೌಂಟರಿನಲ್ಲಿ ಜ್ಞಾನ ಪೋಸ್ಟ್ ಎಂದೇ ಹೆಸರು ಹೇಳಿ ಕೇಳಿ. ಮೇಲೆ ಪ್ಲಾಸ್ಟಿಕ್ ಸುತ್ತಿ, ಮೂಲೆಗಳಿಗೆ ರಟ್ಟು ಕೊಡಿ.

ಮೊಬೈಲ್ ಓದುಗ

ಅಕ್ಕ, ವಿಳಾಸ ಕಳುಹಿಸಿದ್ದೇನೆ. ಓದಿ ಜೋಪಾನವಾಗಿ ಹಿಂದಿರುಗಿಸುತ್ತೇನೆ, ಒಂದು ತಿಂಗಳು ಸಮಯ ಕೊಡಿ.

ಶರಾವತಿ ಸೀಮೆ

ಎರಡು ತಿಂಗಳು ತೆಗೆದುಕೊಳ್ಳಿ. 319ನೆಯ ಸಾಲಿನಲ್ಲಿ ಪುಸ್ತಕದ ಹೆಸರು, ನಿಮ್ಮ ಹೆಸರು ಬರೆದಿದ್ದೇನೆ. ದಿನಾಂಕವನ್ನು ಅಂಚೆಗೆ ಹಾಕಿದ ದಿನ ತುಂಬುತ್ತೇನೆ. ಅಪ್ಪನ ಎರಡೂ ಪೆನ್ನುಗಳಿಗೆ ಶಾಯಿ ತುಂಬಿಸಿ ಇಟ್ಟಿದ್ದೇನೆ, ಕೆಂಪು ಮತ್ತು ನೀಲಿ.